ದೂರಿನಲ್ಲಿ ನಾನು ಬರೆದ ಮೂರನೇ ಹೆಸರು

ಆ ಬುಧವಾರ ನಾನು ಮಾಡಿದ ಕೆಲಸಗಳು ಇವು. ನಾಲ್ಕೂಮುಕ್ಕಾಲಿಗೆ ಎದ್ದು ಒಲೆ ಹಚ್ಚಿದೆ. ನಾದಿನಿಗೆ ಕಾಫಿ ಕೊಟ್ಟು, ಅವಳು ಕೆಲಸಕ್ಕೆ ಕೂರುವ ಕೋಣೆಯ ಬಾಗಿಲು ಎಳೆದುಕೊಂಡೆ. ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ ಬಂದೆ. ಕೊಟ್ಟಿಗೆ ಬಾಚಿ ಸಗಣಿಯನ್ನು ತಿಪ್ಪೆಗೆ ಹಾಕಿದೆ. ಕಾಯಿ ಕೀಳುವವರು ಇಬ್ಬರು ಬರುವುದಿತ್ತು, ಅವರಿಗೂ ಸೇರಿಸಿ ಹದಿನಾಲ್ಕು ರಾಗಿರೊಟ್ಟಿ ತಟ್ಟಿದೆ, ಹುಚ್ಚೆಳ್ಳಿನ ಚಟ್ನಿ ಅರೆದೆ. ಭಾವನ ಹಣೆಗೆ ತೆಂಗಿನಕಾಯಿಯಲ್ಲಿ ಹೊಡೆದೆ. ನಮ್ಮನೆಯವರ ಎರಡು ಹಲ್ಲುಗಳನ್ನು ಮಣ್ಣಿನಲ್ಲಿ ಹುಡುಕಿ, ತೊಳೆದು, ಕರವಸ್ತ್ರದ ತುದಿಗೆ ಗಂಟು ಹಾಕಿದೆ. ಅವರನ್ನು ತಿಪಟೂರಿಗೆ ಕರೆದುಕೊಂಡು ಹೋಗಿ ತುಟಿಗೆ ಐದು ಹೊಲಿಗೆ ಹಾಕಿಸಿಕೊಂಡು ಬಂದೆ. ಜಗಲಿಯ ಮೇಲೆ ಹೆಪ್ಪುಗಟ್ಟಿದ್ದ ರಕ್ತಕ್ಕೆ ಒಲೆಬೂದಿ ಉದುರಿಸಿ ಉಜ್ಜಿ ತೊಳೆದೆ. ಸಂಜೆ ದೀಪ ಹಚ್ಚಿದ ಮೇಲೆ ಪೊಲೀಸರಿಗೆ ದೂರು ಬರೆದೆ. ಎರಡು ಪ್ರತಿ, ಸಾಲು ಸೊಟ್ಟಗಾಗದ ಹಾಗೆ.

ಹೊಡೆದದ್ದಕ್ಕಿಂತ ಬರೆದದ್ದೇ ದೊಡ್ಡ ತಪ್ಪಾಯಿತು. ಅದನ್ನು ಹೇಳಬೇಕಾದರೆ ನಾದಿನಿಯ ಕೆಲಸದ ವಿಷಯ ಮೊದಲು ಹೇಳಬೇಕು.

ನಾದಿನಿ ಅಂದರೆ ನಮ್ಮನೆಯವರ ಒಬ್ಬಳೇ ತಂಗಿ. ಆಗ ಅವಳಿಗೆ ಮೂವತ್ತೇಳು. ಕೊಟ್ಟ ಮನೆಯಲ್ಲಿ ಗಂಡ ಬಾಗಿಲಿನ ಸಂದಿಗೆ ಅವಳ ಎಡಗೈ ಇಟ್ಟು ಬಾಗಿಲು ಹಾಕಿದ ಮೇಲೆ, ಮುರಿದ ಮಣಿಕಟ್ಟು ಹಿಡಿದುಕೊಂಡು ಒಂದು ಬಸ್ಸು ಹತ್ತಿ ಬಂದವಳು ತಿರುಗಿ ಹೋಗಲಿಲ್ಲ. ಕಟ್ಟಿಸುವ ಹಲ್ಲು ತಯಾರಿಸುವ ವಿದ್ಯೆ ಕಲಿತಿದ್ದಳು. ಈಗ ಆ ಹಲ್ಲನ್ನು ಮೊದಲು ಕಂಪ್ಯೂಟರಿನಲ್ಲಿ ರೂಪಿಸುತ್ತಾರಂತೆ. ಆಸ್ಟ್ರೇಲಿಯಾದ ಪಶ್ಚಿಮದ ಒಂದು ಊರಿನ ಲ್ಯಾಬಿನವರು ಅಲ್ಲಿನ ರೋಗಿಗಳ ಬಾಯಿಯ ಚಿತ್ರ ಕಳಿಸುತ್ತಿದ್ದರು. ಇವಳು ನಮ್ಮ ನಡುಮನೆಯ ಪಕ್ಕದ ಕೋಣೆಯಲ್ಲಿ ಕುಳಿತು, ಇಲ್ಲದ ಹಲ್ಲನ್ನು ಪರದೆಯ ಮೇಲೆ ಕಟ್ಟಿ ವಾಪಸು ಕಳಿಸುತ್ತಿದ್ದಳು. ಅವರ ಬೆಳಗಿನ ಎಂಟು ನಮಗೆ ಐದೂವರೆ. ಹಾಗಾಗಿ ಐದೂವರೆಯಿಂದ ಮಧ್ಯಾಹ್ನ ಒಂದೂವರೆವರೆಗೆ ಅವಳ ಕೆಲಸ. ಲ್ಯಾಬಿನವರ ಜೊತೆ ಮಾತಾಡಲು ಅಷ್ಟು ಹೊತ್ತೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಿದ್ದಳು. ಹಸು ಕೂಗಿದರೂ ಕೇಳುತ್ತಿರಲಿಲ್ಲ.

ಆ ಲ್ಯಾಬಿನ ಯಜಮಾನಿಗೆ ಇವಳ ಕೈಕೆಲಸ ಹಿಡಿಸಿತ್ತು. ಅಲ್ಲಿಗೇ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಆ ದೇಶದಲ್ಲಿ ಕೆಲಸ ಮಾಡಬಹುದೆಂಬ ಪರವಾನಗಿ ಬರುವ ತನಕ ಇಲ್ಲಿಂದಲೇ ಕೆಲಸ ಎಂದು ಮಾತಾಗಿತ್ತು. ಒಂಬತ್ತು ತಿಂಗಳು ಕಾದದ್ದಾಗಿತ್ತು. ಎದೆಯ ಎಕ್ಸ್‌ರೇ ಫೋಟೋ, ಇಂಗ್ಲಿಷ್ ಪರೀಕ್ಷೆ, ಓದಿದ ಕಾಗದ ಎಲ್ಲ ಕಳಿಸಿಯಾಗಿತ್ತು. ಉಳಿದದ್ದು ಒಂದೇ: ಇವಳ ಮೇಲೆ ಯಾವ ಕೇಸೂ ಇಲ್ಲವೆಂದು ನಮ್ಮ ಪೊಲೀಸರು ಕೊಡಬೇಕಾದ ಕಾಗದ. ಅದರ ವಿಚಾರಣೆ ನಮ್ಮ ಠಾಣೆಗೆ ಬಂದು ನಾಲ್ಕು ದಿನವಾಗಿತ್ತು. ವರ್ಷದೊಳಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಯಜಮಾನಿ ಮೆತ್ತಗೆ ಹೇಳಿದ್ದಳಂತೆ.

ಇನ್ನು ಭಾವ. ನಮ್ಮನೆಯವರ ದೊಡ್ಡಪ್ಪನ ಮಗ. ಅವರ ತೋಟಕ್ಕೂ ನಮ್ಮ ತೋಟಕ್ಕೂ ಒಂದೇ ಬದು. ಆ ಬದುವಿನ ಮೇಲೆ ನಮ್ಮ ನಾಲ್ಕು ತೆಂಗಿನ ಮರ. ಬುಡ ನಮ್ಮ ಕಡೆ, ತಲೆ ಅವರ ಕಡೆ. ನಾಲ್ಕೂ ಬಾಗಿ ಭಾವನ ಕೊಟ್ಟಿಗೆಯ ಮೇಲೆ ಹೋಗಿದ್ದವು. ಬುಡ ಯಾರದೋ ಕಾಯಿ ಅವರದು ಎನ್ನುವುದು ನಮ್ಮ ಕಡೆಯ ಹಳೆಯ ಮಾತು. ಕಿತ್ತ ಕಾಯಿ ಅವರ ಅಂಗಳಕ್ಕೆ ಬಿದ್ದರೂ ನಾವು ಹೋಗಿ ಆರಿಸಿಕೊಂಡು ಬರುತ್ತಿದ್ದೆವು. ಹಿಂದಿನ ವರ್ಷ ಒಂದು ಕಾಯಿ ಗಾಳಿಗೆ ಉದುರಿ ಭಾವನ ಎಳೆಗರುವಿನ ಬೆನ್ನಮೇಲೆ ಬಿತ್ತು. ಕರು ಸತ್ತಿತು. ಮರ ಕಡಿಸಿ ಎಂದು ಅವರು ಆಗಲೇ ಕೇಳಿದ್ದರು. ಫಲ ಬಿಡುವ ತೆಂಗು ಕಡಿಯುವುದು ಮಗುವನ್ನು ಕಡಿದ ಹಾಗೆ ಎಂದು ನಮ್ಮನೆಯವರು ಒಪ್ಪಿರಲಿಲ್ಲ. ಇಷ್ಟಾದರೂ ಭಾವ ಒಂದು ಉಪಕಾರ ನಿಲ್ಲಿಸಿರಲಿಲ್ಲ. ನಾದಿನಿಯ ಇಂಟರ್ನೆಟ್ಟಿನ ಕೇಬಲ್ ಟಾರು ರಸ್ತೆಯಿಂದ ಮರದಿಂದ ಮರಕ್ಕೆ ಕಟ್ಟಿಕೊಂಡು ಅವರ ತೋಟದ ಮೇಲೆಯೇ ಬರುತ್ತಿತ್ತು. "ಅವ್ಳು ನಂಗೂ ತಂಗೀನೇ, ಎಳ್ಕೊಳ್ಳಿ ಬುಡಿ" ಎಂದಿದ್ದರು.

ಆ ಬುಧವಾರ ಹನ್ನೊಂದು ಗಂಟೆ ಹೊತ್ತಿಗೆ ಕಾಯಿ ಕೀಳುವವರು ಬಾಗಿದ ಮರಗಳ ಹತ್ತಿರ ಬಂದರು. ಉದ್ದನೆಯ ಬಿದಿರಿನ ತುದಿಗೆ ಕುಡುಗೋಲು ಕಟ್ಟಿದ ದೋಟಿಯಿಂದ ಒಂದು ಗೊನೆ ಎಳೆದರು. ಏಳೆಂಟು ಕಾಯಿ ಒಟ್ಟಿಗೆ ಭಾವನ ಕೊಟ್ಟಿಗೆಯ ಶೀಟಿನ ಮೇಲೆ ಬಿದ್ದವು. ಆ ಸದ್ದಿಗೆ ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಸಾರಿಗೆ ಒಡೆಯಲು ತೆಗೆದಿದ್ದ ಸುಲಿದ ಕಾಯಿ ಕೈಯಲ್ಲೇ ಇತ್ತು.

ಭಾವ ಬದುವಿನ ಮೇಲೆ ನಿಂತಿದ್ದರು.

"ಆ ಕಾಯಿ ಮುಟ್ಟುದ್ರೆ ಕೈ ಕಡೀತೀನಿ ಕಣ್ಲಾ. ಹೋದ್ ವರ್ಸ ನನ್ ಕರ ಸಾಯ್ಸುದ್ರಿ. ಈ ವರ್ಸ ಯಾರ್ನ ಸಾಯುಸ್ಬೇಕು ಅಂತ ಇದೀಯ?"

ನಮ್ಮನೆಯವರು ಅದಕ್ಕೆ ಸುಮ್ಮನಿರಬೇಕಿತ್ತು. ಸುಮ್ಮನಿರುವ ಜಾಯಮಾನ ಅವರದಲ್ಲ. ತೆಂಗಿನಕಾಯಿಗೆ ಮೂರು ಕಣ್ಣಿದೆ, ಅದು ಯಾರ ತಲೆಯ ಮೇಲೂ ಬೀಳುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಅದನ್ನೇ ತಿರುಗಿಸಿ ಹೇಳಿದರು.

"ಕಾಯ್ಗೆ ಮೂರ್ ಕಣ್ ಐತೆ ಕಣಣ್ಣ. ಅದು ನೋಡ್ಕಂಡೇ ಬೀಳೋದು. ಯಾರ್ ಮನೆ ಕರ ಅಂತ ಗೊತ್ತಾಗೇ ಬಿದ್ದೈತೆ."

ಕಾಯಿ ಕೀಳುವವರಿಬ್ಬರೂ ನಕ್ಕರು. ನಾನೂ ನಕ್ಕೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತೋಟದಲ್ಲಿ ಒಣಗಿ ಬಿದ್ದ ತೆಂಗಿನ ಗರಿಯ ಬುಡ, ಹೆಡೆಮಟ್ಟೆ ಎನ್ನುತ್ತೇವೆ, ಅದು ದೊಣ್ಣೆಗಿಂತ ಗಟ್ಟಿ. ಅಂಚು ಗರಗಸದ ಹಾಗಿರುತ್ತದೆ. ಭಾವ ಕಾಲ ಬಳಿಯಿದ್ದ ಒಂದನ್ನು ಎತ್ತಿ ಎರಡೂ ಕೈಯಲ್ಲಿ ಬೀಸಿದರು. ನಮ್ಮನೆಯವರ ಬಾಯಿಗೆ ಅಡ್ಡಡ್ಡ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಸದ್ದಾಯಿತು. ಎರಡನೇ ಏಟು ಭುಜಕ್ಕೆ. ಮೂರನೆಯದಕ್ಕೆ ಮಟ್ಟೆ ಮುರಿಯಿತು. ಇವರು ಬಾಯಿ ತುಂಬ ರಕ್ತ ಇಟ್ಟುಕೊಂಡೇ ನುಗ್ಗಿ ಭಾವನ ಕುತ್ತಿಗೆ ಹಿಡಿದರು. ಇಬ್ಬರೂ ಉರುಳಿ ಮರದ ಪಾತಿಯ ಕೆಸರಿಗೆ ಬಿದ್ದರು. ಭಾವ ಮೇಲಾದರು. ಮೊಣಕಾಲನ್ನು ಇವರ ಎದೆಗೆ ಊರಿ, ತಲೆಗೂದಲು ಹಿಡಿದು ಹಿಂದಲೆಯನ್ನು ಮರದ ಬುಡಕ್ಕೆ ಕುಟ್ಟತೊಡಗಿದರು. ಒಂದು, ಎರಡು, ಮೂರು. ನಗುತ್ತಿದ್ದವರು ದೋಟಿ ಬಿಟ್ಟು ದೂರ ಹೋಗಿ ನಿಂತರು. ಭಾವನ ಹೆಂಡತಿ ಓಡಿಬಂದವಳು ಬಿಡಿಸಲಿಲ್ಲ. ನನ್ನ ಜಡೆ ಹಿಡಿದೆಳೆದು "ನಗ್ತೀಯೇನೇ, ನಗು, ನಗು" ಎಂದು ಬೆನ್ನಿಗೆ ಗುದ್ದಿದಳು. ಜಡೆ ಅವಳ ಕೈಯಲ್ಲಿರುವಂತೆಯೇ ನಾನು ಬಗ್ಗಿ, ಕೈಯಲ್ಲಿದ್ದ ಕಾಯಿಯಿಂದ ಭಾವನ ಹಣೆಗೆ ಹೊಡೆದೆ. ಬಲವಾಗಿಯೇ ಹೊಡೆದೆ. ಅವರು ಇವರನ್ನು ಬಿಟ್ಟು ಪಕ್ಕಕ್ಕೆ ಕುಸಿದರು. ಹುಬ್ಬಿನ ಮೇಲೆ ಚರ್ಮ ಬಾಯಿಬಿಟ್ಟುಕೊಂಡು ಕಣ್ಣು ಮುಚ್ಚುವ ಹಾಗೆ ರಕ್ತ ಇಳಿಯಿತು.

ಕಾಯಿ ಒಡೆಯಲಿಲ್ಲ. ತೊಳೆದು ಮರುದಿನ ಸಾರಿಗೆ ಹಾಕಿದೆ.

ಇಷ್ಟೂ ನಡೆಯುವಾಗ ನಾದಿನಿ ಕೋಣೆಯೊಳಗೇ ಇದ್ದಳು. ಯಾರದೋ ದವಡೆ ಹಲ್ಲಿನ ಮೇಲ್ಮೈ ತಿದ್ದುತ್ತಿದ್ದಳಂತೆ. ಅತ್ತಲಿಂದ ಯಜಮಾನಿ "ಏನದು ಸದ್ದು?" ಎಂದು ಕೇಳಿದಾಗ, ಶೀಟಿನ ಮೇಲೆ ಕಾಯಿ ಬೀಳುತ್ತಿರಬೇಕೆಂದು "ನಮ್ಮಲ್ಲಿ ಇವತ್ತು ಕಾಯಿ ಕೀಳುತ್ತಿದ್ದಾರೆ" ಎಂದಳಂತೆ. ಹನ್ನೊಂದೂ ಮುಕ್ಕಾಲಿಗೆ ನೀರು ಕುಡಿಯಲು ಹೊರಗೆ ಬಂದವಳಿಗೆ ಅಣ್ಣ ಜಗಲಿಯ ಮೇಲೆ ರಕ್ತ ಉಗುಳುತ್ತ ಕೂತದ್ದು ಕಾಣಿಸಿತು. ಕಿರುಚಲಿಲ್ಲ. ಗಲ್ಲ ಹಿಡಿದು ಬಾಯಿ ತೆರೆಸಿ ಬೆಳಕಿಗೆ ತಿರುಗಿಸಿ ನೋಡಿ, "ಮೇಲಿನ ಎರಡು, ಬೇರಿನ ಸಮೇತ. ಮೂರನೇದು ಅಲ್ಲಾಡ್ತಾ ಐತೆ, ನಾಲಿಗೆ ತಗುಲುಸ್ಬ್ಯಾಡ" ಎಂದಳು. ನಾವು ತಿಪಟೂರಿಗೆ ಹೊರಟೆವು. ಅವಳು ಮತ್ತೆ ಹೋಗಿ ಕೆಲಸಕ್ಕೆ ಕುಳಿತಳು. ಮುಗಿಸಿದ್ದ ಆ ದವಡೆ ಹಲ್ಲನ್ನು ಅಳಿಸಿ ಮತ್ತೆ ಮಾಡಿದಳೆಂದು ಆಮೇಲೆ ಹೇಳಿದಳು.

ಸಂಜೆ ನಾನು ದೂರು ಬರೆದೆ. ನಮ್ಮ ಕಡೆ ದೂರು ಬರೆಯುವುದಕ್ಕೆ ಒಂದು ಪದ್ಧತಿಯಿದೆ. ಏಟು ತಿಂದವನು ಒಬ್ಬನೇ ಆದರೂ ಮನೆಮಂದಿಯ ಹೆಸರೆಲ್ಲ ಸೇರಿಸಬೇಕು. ಲಗ್ನಪತ್ರಿಕೆಯ ಕೆಳಗೆ ಯಾರ ಹೆಸರನ್ನೂ ಬಿಡುವುದಿಲ್ಲವಲ್ಲ, ಹಾಗೆ. ಒಬ್ಬರ ಹೆಸರಿದ್ದರೆ ಜಗಳ, ಮೂವರ ಹೆಸರಿದ್ದರೆ ದೌರ್ಜನ್ಯ. ಅದರಲ್ಲೂ ಹೆಂಗಸರ ಹೆಸರಿದ್ದರೆ ದೂರಿಗೆ ತೂಕ ಬರುತ್ತದೆ. ನಾನು ಹತ್ತಾರು ಜನರಿಗೆ ಹೀಗೆ ಬರೆದುಕೊಟ್ಟಿದ್ದೇನೆ, ನನ್ನ ಅಕ್ಷರ ಚೆನ್ನಾಗಿದೆ ಎಂದು ಕೇಳಿಕೊಂಡು ಬರುತ್ತಿದ್ದರು. ಮೊದಲ ಹೆಸರು ನಮ್ಮನೆಯವರದು, ಎರಡನೆಯದು ನನ್ನದು. ಮೂರನೆಯದಾಗಿ, ಕೈ ತಾನಾಗಿಯೇ ಬರೆಯಿತು ಎನ್ನಬೇಕು: "ಅಲ್ಲಿಯೇ ಇದ್ದ ನನ್ನ ನಾದಿನಿಯನ್ನೂ ಎಳೆದಾಡಿ, ಕೆಡವಿ, ಕಾಲಿನಿಂದ ಒದ್ದಿರುತ್ತಾರೆ." ನಮ್ಮನೆಯವರಿಗೆ ಓದಿ ಹೇಳಿದೆ. ತುಟಿ ಊದಿತ್ತು, ತಲೆಯಾಡಿಸಿದರು. ನಾದಿನಿಗೆ ಓದಿ ಹೇಳಲಿಲ್ಲ. ಅವಳು ಟಾರ್ಚು ಹಿಡಿದು ಹೊರಗೆ ಹೋಗಿದ್ದಳು. ನಾವು ಆಸ್ಪತ್ರೆಯಲ್ಲಿದ್ದಾಗ ಭಾವ ಕೇಬಲನ್ನು ಮೂರು ಕಡೆ ಮಚ್ಚಿನಿಂದ ಕಡಿದಿದ್ದರು.

ಮರುದಿನದಿಂದ ಅವಳ ಕೆಲಸ ಕೊಬ್ಬರಿ ಅಟ್ಟದ ಮೇಲೆ. ಫೋನಿನ ಸಿಗ್ನಲ್ ಅಲ್ಲಿ ಮಾತ್ರ ನಿಲ್ಲುತ್ತಿತ್ತು. ಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಅಟ್ಟದಲ್ಲಿ ರಾಶಿ ಹಾಕುತ್ತೇವೆ. ಆ ರಾಶಿಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಲ್ಯಾಪ್‌ಟಾಪು. ಮೇಲೆ ಹೆಂಚಿನ ಕಾವು, ಕೆಳಗೆ ನನ್ನ ಒಲೆಯ ಹೊಗೆ. ಒಲೆ ಆರಿಸಿ ಗ್ಯಾಸಿನಲ್ಲಿ ಬೇಯಿಸಿದೆ. ಇಲಿ ಓಡಾಡಿದರೆ ಒಣಕಾಯಿ ಉರುಳಿ ಅವಳ ಸೊಂಟಕ್ಕೆ ಬಡಿಯುತ್ತಿತ್ತು. "ಅತ್ಗೆ, ಇಲ್ಲಿ ನಾನೂ ಒಂದಿನ ಕೊಬ್ರಿ ಆಯ್ತೀನಿ" ಎಂದು ಮೇಲಿನಿಂದ ಕೂಗಿದಳು. ನಗಲು ನನ್ನಿಂದ ಆಗಲಿಲ್ಲ. ಆಗ ಇನ್ನೂ ನಾನು ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ, ನನಗೂ ಪೂರ್ತಿ ತಿಳಿದಿರಲಿಲ್ಲ.

ಗುರುವಾರ ದೂರನ್ನು ಠಾಣೆಗೆ ಕೊಟ್ಟು ಬಂದಿದ್ದೆವು, ಶುಕ್ರವಾರ ಕರೆಸಿದರು. ಇನ್ಸ್‌ಪೆಕ್ಟರು ಎರಡು ಅರ್ಜಿ ಪಕ್ಕಪಕ್ಕ ಇಟ್ಟುಕೊಂಡಿದ್ದರು. ಒಂದು ನಮ್ಮದು, ಇನ್ನೊಂದು ಭಾವನದು.

"ನೋಡಮ್ಮ, ನಿಮ್ ನಾದಿನಿ ಕಾಯ್ನಲ್ಲಿ ಹಣೆ ಒಡುದ್ಲು, ಕೊಲ್ಲಾಕೇ ಬಂದ್ಲು ಅಂತ ಅವ್ರು ಬರ್ದವ್ರೆ."

"ಅವ್ಳು ಹೊರಕ್ಕೇ ಬಂದಿಲ್ಲ ಸಾ. ಒಳಗೆ ಕೆಲಸ ಮಾಡ್ತಾ ಕುಂತಿದ್ಲು."

"ನೀವೇ ಬರ್ದಿದೀರಲ್ಲ ತಾಯಿ, 'ಅಲ್ಲಿಯೇ ಇದ್ದ ನನ್ನ ನಾದಿನಿ' ಅಂತ. ಮುದ್ದಾದ ಅಕ್ಷರ, ಕನ್ನಡಕ ಇಲ್ದೇ ಓದ್ಬೋದು." ಕಾಗದವನ್ನು ನನ್ನ ಕಡೆ ತಿರುಗಿಸಿದರು. "ಈಯಮ್ಮುನ್ ವಿಚಾರಣೆ ಕಾಗ್ದ ಬೇರೆ ಇಲ್ಲೇ ಐತೆ. ಸೋಮವಾರ ಸಾಯಂಕಾಲದವರ್ಗೂ ಕಾಯ್ತೀನಿ. ರಾಜಿ ಆದ್ರೆ ಸರಿ. ಇಲ್ದಿದ್ರೆ ಎರಡೂ ಕಡೆ ಕೇಸ್ ಬರ್ಕೊತೀನಿ. ಆಮ್ಯಾಕೆ ಆ ಕಾಗ್ದಕ್ಕೆ ನಾನೇನು ಬರೀಲಿ, ನೀವೇ ಹೇಳಿ."

ಹೊರಗೆ ಹುಣಸೆಮರದ ಕೆಳಗೆ ಭಾವ ಹಣೆಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದರು. ನಮ್ಮ ದೂರಿನಲ್ಲಿ ಏನಿದೆ ಎಂಬುದು ಅವರಿಗೆ ತಿಳಿದಿತ್ತು. ಹೊಡೆದವಳು ನಾನೆಂದು ಗೊತ್ತಿತ್ತು. ಯಾರ ಹೆಸರು ಹೇಳಿದರೆ ನಮಗೆ ಹೆಚ್ಚು ನೋಯುತ್ತದೆಂಬುದೂ ಗೊತ್ತಿತ್ತು.

"ಯಾಕಮ್ಮ ಅಳ್ತೀಯ? ಅವಳ್ನ ಜಗಳುಕ್ಕೆ ಕರ್ಕಂಡ್ ಬಂದೋಳು ನೀನು. ನಾನು ಒಂದು ಕಾಯಿ ಕೈಗ್ ಕೊಟ್ಟೆ ಅಷ್ಟೆ."

ಆ ಸಂಜೆ ನಾದಿನಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಕಂಪ್ಯೂಟರು ತೆರೆದಳು. ಯಾವ ಹಲ್ಲನ್ನು ಎಷ್ಟು ಗಂಟೆಗೆ ಶುರುಮಾಡಿ ಎಷ್ಟಕ್ಕೆ ಮುಗಿಸಿದಳೆಂಬುದು ಅದರಲ್ಲೇ ದಾಖಲಾಗುತ್ತದೆ. ಬುಧವಾರ ಹತ್ತೂ ಹತ್ತರಿಂದ ಹನ್ನೊಂದೂ ನಲವತ್ತರವರೆಗೆ ಒಂದು ದವಡೆ ಹಲ್ಲು. ಶನಿವಾರ ಅದನ್ನು ಪ್ರಿಂಟು ಹಾಕಿಸಿಕೊಂಡು ನಾನೊಬ್ಬಳೇ ಠಾಣೆಗೆ ಹೋದೆ. ಹೊಡೆದದ್ದು ನಾನು, ಅವಳ ಹೆಸರು ಸುಮ್ಮನೆ ಸೇರಿಸಿದೆ, ಬೇಕಾದರೆ ನನ್ನ ಮೇಲೆ ಕೇಸು ಹಾಕಿ ಎಂದೆ.

ಇನ್ಸ್‌ಪೆಕ್ಟರು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಲ್ಲಿನ್ ಲೆಕ್ಕ ನಂಗೆ ಅರ್ಥ ಆಗಾಕಿಲ್ಲ. ಬರ್ಕೊಡಿ, ಬ್ಯಾಡ ಅನ್ನಲ್ಲ. ಆದ್ರೆ ಒಂದು ಸುಳ್ಳು ಅಂತ ನೀವೇ ಒಪ್ಕಂಡ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ನಿಮ್ ಯಜಮಾನ್ರ ಹಲ್ಲೂ ಸುಳ್ಳಾಗುತ್ತೆ. ಅದೂ ಹೋಗ್ಲಿ, ಆತ 'ನಾನ್ ಕಂಡಿದ್ದು ಅವಳ್ನೇ' ಅಂತ ನಿಂತ್ಕಂಡ್ರೆ? ಹೋಗಿ, ಆತನ್ನ ಕೇಳಿ."

ಠಾಣೆಯಿಂದ ನೇರ ಭಾವನ ಮನೆಗೆ ಹೋದೆ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತೆ. ಅಕ್ಕ, ಅಂದರೆ ಭಾವನ ಹೆಂಡತಿ, ಮೊರದಲ್ಲಿ ಅವರೆಕಾಳು ಹಾಕಿಕೊಂಡು ಕೂತಿದ್ದಳು. ತಲೆಯೆತ್ತಲಿಲ್ಲ.

"ತಪ್ಪಾಯ್ತು ಭಾವ. ಹೊಡ್ದೋಳು ನಾನು. ಅವಳ್ನ ಬುಟ್‌ಬುಡಿ."

"ಹೊಡ್ದಿದ್ದು ಇರ್ಲಿ. ನಕ್ಕಿದ್ದು?" ಎಂದಳು ಅಕ್ಕ, ಮೊರ ನೋಡುತ್ತಲೇ.

ಭಾವ ಬೀಡಿಯ ಬೂದಿ ಕೊಡವಿದರು. ಆಮೇಲೆ, "ಆ ಕರ ಎರಡು ದಿನ ಬದ್ಕಿತ್ತು, ಗೊತ್ತಾ ನಿಂಗೆ? ಹಿಂಗಾಲು ಎಳ್ಕಂಡು ಹಾಲು ಕುಡಿಯಾಕೆ ಬತ್ತಿತ್ತು. ಕೊನೀಗೆ ನಾನೇ ಗುದ್ಲಿ ತಗಂಡು ತಲೆಗ್ ಹಾಕ್ದೆ" ಎಂದರು. ಬೀಡಿ ಎಸೆದರು. "ಸೋಮವಾರದೊಳ್ಗೆ ಆ ನಾಕೂ ಮರ ಮಲುಗ್ಬೇಕು. ನಿನ್ ಗಂಡನೇ ನಿಂತು ಕಡುಸ್ಬೇಕು. ಅವತ್ತೇ ಬಂದು ಸೈನ್ ಹಾಕ್ತೀನಿ."

ಮನೆಗೆ ಬಂದು ಹೇಳಿದೆ. ನಮ್ಮನೆಯವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಮೊದಲು ನೀರಿನ ಕೊಳಗವನ್ನು ಒದ್ದರು. ಅದು ಉರುಳಿ ಹೋಗಿ ಹಸುವಿನ ಕಾಲಿಗೆ ತಗುಲಿತು. ನಾದಿನಿ ಅಟ್ಟದಿಂದ ಇಳಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ತಿರುಗಿದರು. ಹಲ್ಲಿಲ್ಲದ ಬಾಯಿಂದ ಮಾತು ಉಗುಳಿನ ಜೊತೆ ಬಂತು.

"ನಿನ್ ಒಂದು ಕಾಗ್ದುಕ್ಕೆ ನನ್ ನಾಕ್ ಮರ ಏನೇ? ಅಪ್ಪ ನೀರು ಹೊತ್ತು ಹಾಕಿದ್ ಮರ! ನೀನು ಹೊಂಟೋಗೋಳು. ನಾನು ಇಲ್ಲೇ ಇದ್ದು ಆ ಮೋಟು ನೋಡ್ಕಂಡು ಸಾಯ್ಬೇಕು."

"ಬ್ಯಾಡ ಬುಡಣ್ಣ. ಕಡೀಬ್ಯಾಡ. ನಾನು ಕೇಳ್ದೆನಾ?"

"ಕೇಳ್ದಂಗೇ ಮಾಡ್ದೆ ಕಣೇ, ಬಂದ್ ದಿನದಿಂದ!" ಎಂದು ಕೈ ಬೀಸಿದರು. ನಾನು ನಡುವೆ ಹೋದೆ. ಏಟು ನನ್ನ ಎಡಕಿವಿಗೆ ಬಿತ್ತು. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ. ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು ಹತ್ತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ನಾದಿನಿ ನನ್ನ ಮುಖ ನೋಡಿದಳು. ಅವಳ ಗಂಡನ ಮನೆಯ ಬಾಗಿಲು ಅವಳಿಗೆ ಕಂಡಿರಬೇಕು. ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದ ಮಚ್ಚು ಎಳೆದುಕೊಂಡು ಹಿತ್ತಿಲಿಗೆ ಹೋದಳು. ಅಣ್ಣನ ಮೇಲೆ ಹೋಗುತ್ತಾಳೋ, ಭಾವನ ಮನೆಗೆ ನುಗ್ಗುತ್ತಾಳೋ ಎಂದು ಹೆದರಿ ನಾನೂ ಹಿಂದೆ ಓಡಿದೆ. ಅವಳು ಹೋದದ್ದು ಬದುವಿಗೆ. ಮೊದಲನೇ ಬಾಗಿದ ಮರದ ಬುಡಕ್ಕೆ ಮಚ್ಚು ಬೀಸತೊಡಗಿದಳು.

ತೆಂಗಿನ ಕಾಂಡ ಮಚ್ಚಿಗೆ ಬಗ್ಗುವುದಿಲ್ಲ. ನಾರು ಮಚ್ಚನ್ನು ವಾಪಸು ಎಸೆಯುತ್ತದೆ. ಅವಳು ಬಿಡಲಿಲ್ಲ. ಪ್ರತಿ ಏಟಿಗೂ ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು, ಮಾತಲ್ಲ. ಎಣಿಸುವುದು ನನ್ನ ಅಭ್ಯಾಸ, ಮೂವತ್ತನಾಲ್ಕರವರೆಗೆ ಎಣಿಸಿದೆ. ಎಡಗೈಯ ಹಳೆಯ ಮುರಿತದ ಜಾಗ ಊದಿತು. ಮಚ್ಚಿನ ಹಿಡಿ ಕೆಂಪಾಯಿತು. ಬದುವಿನ ಆಚೆ ಭಾವ, ಅಕ್ಕ ಇಬ್ಬರೂ ಬಂದು ನಿಂತಿದ್ದರು. ಮಚ್ಚು ಜಾರಿ ಅವಳ ಮೊಣಕಾಲಿನ ಪಕ್ಕ ಮಣ್ಣಿಗೆ ಇಳಿದಾಗ ನಮ್ಮನೆಯವರು ಓಡಿಹೋಗಿ ಹಿಂದಿನಿಂದ ಅವಳ ಎರಡೂ ರಟ್ಟೆ ಹಿಡಿದರು. ಕೊಸರಿಕೊಂಡು ಮೊಣಕೈಯಿಂದ ಅವರ ಹೊಟ್ಟೆಗೆ ತಿವಿದಳು. ಹೊಲಿಗೆ ಹಾಕಿದ ತುಟಿಗೆ ಅವಳ ತಲೆ ಬಡಿದು ಮತ್ತೆ ರಕ್ತ ಬಂತು. ಅವರು ಬಿಡಲಿಲ್ಲ.

"ಆ ಕೈಯಾಗೆ ಕಡೀಬ್ಯಾಡ ಕಣವ್ವ. ಅದು ನಿನ್ ಕೆಲ್ಸದ್ ಕೈ" ಎಂದರು. "ನಾನು ಕಡುಸ್ತೀನಿ ಬುಡು. ಬುಡು ಅಂದ್ನಲ್ಲ."

ಊರಿನಲ್ಲಿ ಫಲದ ಮರ ಕಡಿಯಲು ಯಾರೂ ಒಪ್ಪಲಿಲ್ಲ. ಭಾನುವಾರ ಹುಳಿಯಾರಿಗೆ ಫೋನು ಮಾಡಿ, ಮಿಷನ್ ಗರಗಸದವನೊಬ್ಬನನ್ನು ಗೊತ್ತುಮಾಡಿದೆವು. ಸೋಮವಾರ ಎಂಟು ಗಂಟೆಗೆ ಬಂದ. ಮರಕ್ಕೆ ಕೈಮುಗಿದು, "ನಂದೇನಿಲ್ಲ ತಾಯಿ, ಇವ್ರು ಹೇಳಿದ್ದು" ಎಂದು ಪಾಪವನ್ನು ನಮ್ಮ ಕಡೆ ತಳ್ಳಿ ಮಿಷನ್ ಎಳೆದ. ಕೊಟ್ಟಿಗೆಯ ಮೇಲೆ ಬೀಳದಿರಲೆಂದು ಮರದ ಕೊರಳಿಗೆ ಹಗ್ಗ ಬಿಗಿದು ನಮ್ಮ ತೋಟದ ಕಡೆಗೆ ಎಳೆಯಬೇಕಿತ್ತು. ಹಗ್ಗಕ್ಕೆ ಜನ ಸಾಲಲಿಲ್ಲ. ಭಾವ ಬದು ದಾಟಿ ಬಂದು ನಮ್ಮನೆಯವರ ಹಿಂದೆ ಹಗ್ಗ ಹಿಡಿದರು. ಐದು ದಿನದ ಹಿಂದೆ ತಲೆ ಕುಟ್ಟಿದ ಕೈ, ಕುಟ್ಟಿಸಿಕೊಂಡವರ ಬೆನ್ನಿಗೆ ಗೇಣು ದೂರದಲ್ಲಿತ್ತು. ಒಬ್ಬರನ್ನೊಬ್ಬರು ನೋಡಲಿಲ್ಲ.

ಮೊದಲನೆಯದು ಬಿದ್ದಾಗ ನೆಲ ಎದ್ದು ಬಂದ ಹಾಗಾಯಿತು. ಎಳನೀರು ಸಿಡಿದು ನಮ್ಮ ಮುಖದ ಮೇಲೆ ಬಿತ್ತು. ಇನ್ನೂ ಬಿಚ್ಚದ ಹೊಂಬಾಳೆ ಸೀಳಿ, ಬೆಳ್ಳನೆಯ ಹೂವು ಅಕ್ಕಿ ಚೆಲ್ಲಿದಂತೆ ಹರಡಿತು. ಗರಿಯಲ್ಲಿ ಗೂಡು ಕಟ್ಟಿದ್ದ ಅಳಿಲೊಂದು ಓಡಿತು, ಅದರ ಮರಿಗಳು ಓಡಲಿಲ್ಲ. ಎರಡನೆಯದು ಬೀಳುವಾಗ ಬುಡ ಸೀಳಿ ಹಿಂದಕ್ಕೆ ಒದೆಯಿತು. ಗರಗಸದವನು ಹಾರಿಕೊಂಡದ್ದರಿಂದ ಉಳಿದ. ನಾಲ್ಕನೆಯದು ಮುಗಿಯುವಷ್ಟರಲ್ಲಿ ಹನ್ನೊಂದಾಗಿತ್ತು. ನಾದಿನಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲೇ ಇದ್ದಳು. ಅವಳಿಗೆ ಅಂದು ಒಂಬತ್ತು ಹಲ್ಲಿನ ಕೆಲಸವಿತ್ತು. ಮರ ಬಿದ್ದಾಗಲೆಲ್ಲ ಅಟ್ಟದ ಕಾಯಿರಾಶಿ ಗುಡುಗುಡು ಉರುಳುವುದು ಕೆಳಗೆ ನನಗೆ ಕೇಳುತ್ತಿತ್ತು. ಅವಳು ಒಮ್ಮೆಯೂ ಕಿಂಡಿಯಿಂದ ಇಣುಕಲಿಲ್ಲ.

ಮೂರು ಗಂಟೆಗೆ ಠಾಣೆಯಲ್ಲಿ ಭಾವ ಸೈನ್ ಹಾಕಿದರು, ನಮ್ಮನೆಯವರು ಹಾಕಿದರು, ನಾನೂ ಹಾಕಿದೆ. ರಾಜಿ ಪತ್ರವನ್ನು ಬರೆಯಲು ಇನ್ಸ್‌ಪೆಕ್ಟರು ನನಗೇ ಹೇಳಿದರು. "ಈ ಸಲ ಇದ್ದೋರ್ ಹೆಸರು ಮಾತ್ರ ಬರೀರಮ್ಮ" ಎಂದರು. ಅಲ್ಲಿದ್ದವರ ಹೆಸರು ಮಾತ್ರ ಬರೆದೆ. ಹಳೆಯ ಎರಡೂ ಅರ್ಜಿಗಳನ್ನು ಮುಗಿದವೆಂದು ಬೇರೆ ಕಟ್ಟಿಗೆ ಸೇರಿಸಿ, ನಾದಿನಿಯ ಕಾಗದವನ್ನು ನಮ್ಮೆದುರಿಗೇ ತೆಗೆದು, ಯಾವ ಪ್ರಕರಣವೂ ಇಲ್ಲವೆಂದು ಬರೆದು ಸೀಲು ಒತ್ತಿದರು. ಅದು ಮೇಲಕ್ಕೆ ಹೋಗಬೇಕು, ಅಲ್ಲಿಂದ ದೇಶ ದಾಟಬೇಕು, ಆಮೇಲೆ ಪರವಾನಗಿ ಬರಬೇಕು. ಇನ್ನೂ ಎಷ್ಟು ದಿನವೋ ಯಾರಿಗೂ ತಿಳಿದಿರಲಿಲ್ಲ. ಬಸ್ಸಿನಲ್ಲಿ ನಮ್ಮನೆಯವರು ಕಿಟಕಿಯ ಕಡೆಯೇ ನೋಡುತ್ತಿದ್ದರು. ಊರು ಹತ್ತಿರ ಬಂದಾಗ, "ಕಿವಿ ಹೆಂಗೈತೆ?" ಎಂದರು. "ಕೇಳುಸ್ತೈತೆ" ಎಂದೆ.

ತೆಂಗಿನ ಮರ ಉರುಳಿದಾಗ ಮಾತ್ರ ಸಿಗುವ ತಿನಿಸೊಂದಿದೆ. ತಲೆಯ ನಡುವಿನ ಸುಳಿ, ಬೆಣ್ಣೆಯ ಬಣ್ಣದ್ದು, ಮೆತ್ತಗೆ, ಸಿಹಿಯಾಗಿರುತ್ತದೆ. ಗರಗಸದವನು ನಾಲ್ಕನ್ನೂ ಕೊಯ್ದು ಬಾಳೆಲೆಯ ಮೇಲೆ ಇಟ್ಟುಹೋಗಿದ್ದ. ಎರಡನ್ನು ಬದು ದಾಟಿ ಅಕ್ಕನ ಜಗಲಿಯ ಮೇಲಿಟ್ಟೆ. "ಇಟ್ಟೋಗು" ಎಂದಳು, ಅಷ್ಟೇ. ಒಂದನ್ನು ಒಯ್ಯಲು ಹೇಳಿದ್ದಾಗ ಗರಗಸದವನು ಬೇಡವೆಂದಿದ್ದ, ಅದನ್ನು ಹಸುಗಳಿಗೆ ಹಾಕಿದೆ. ಇನ್ನೊಂದನ್ನು ಸಣ್ಣಗೆ ಹೆಚ್ಚಿ, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ಜೊತೆಗೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ನಾದಿನಿಯ ಅಂಗೈಗೆ ಬಟ್ಟೆಯಿತ್ತು, ಮುದ್ದೆಯನ್ನು ನಾನೇ ಮುರಿದು ಅವಳ ತಟ್ಟೆಗಿಟ್ಟೆ. ನಮ್ಮನೆಯವರು ಪಲ್ಯ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಮುದ್ದೆ ನುಂಗಿ, ಪಲ್ಯವನ್ನು ಬಾಯಿಯ ಒಂದು ಪಕ್ಕಕ್ಕೆ ಇಟ್ಟುಕೊಂಡು ನಿಧಾನವಾಗಿ ತಿಂದರು. ಇನ್ನಷ್ಟು ಹಾಕು ಎಂದು ತಟ್ಟೆ ಮುಂದೆ ತಳ್ಳಿದರು. ತಿನ್ನುತ್ತಲೇ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ನಾದಿನಿಯೂ ಎರಡನೇ ಸಲ ಹಾಕಿಸಿಕೊಂಡಳು. ನನ್ನ ಪಾಲಿಗೆ ಪಾತ್ರೆಯ ತಳದ್ದು ಉಳಿಯಿತು.

ಯಾವಾಗಲೂ ಎಲ್ಲರೂ ಮಲಗಿದ ಮೇಲೆ ನಾನು ಮಲಗುವುದು. ಅಂದು ಪಾತ್ರೆಗಳನ್ನು ನೆನೆಹಾಕಿ, ಸುಮ್ಮನೆ ಒಂದು ನಿಮಿಷ ಎಂದು ಅಡುಗೆಮನೆಯ ಬಾಗಿಲಲ್ಲಿ, ನೋಯದ ಕಿವಿ ಕೆಳಗೆ ಮಾಡಿ ಒರಗಿದೆ. ಮೊದಲು ನಿದ್ದೆ ಹೋದವಳು ನಾನೇ. ಆಮೇಲೆ ಯಾರು ಮಲಗಿದರೋ ನನಗೆ ಗೊತ್ತಿಲ್ಲ.